ವ್ರತದ ಭಾರ ಯಾರ ಹೆಗಲಿಗೆ?

ವ್ರತವನ್ನು ಮನೆಯಲ್ಲಿದ್ದು ಪಾಲಿಸುವುದು ಒಂದು ಬಗೆ; ಮನೆ ಬಿಟ್ಟು ಬಂಧುಬಳಗದೊಡನೆ ಊರೂರು ತಿರುಗುತ್ತ ಪಾಲಿಸುವುದು ಇನ್ನೊಂದು ಬಗೆ. ಮನೆಯಲ್ಲಿ ವ್ರತಿಕರಿಗೆ ಒದಗಿ ಬರುವ ಅನುಕೂಲಗಳು ಹಲವು. ಹಿತ್ತಿಲ ಬಾವಿ, ನೀರು ಸೋಸುವ ಬಟ್ಟೆ, ಹೊತ್ತಿಗೆ ಸರಿಯಾಗಿ ಉರಿಯುವ ಒಲೆ, ಸೂರ್ಯಾಸ್ತಕ್ಕೆ ಬಹು ಮೊದಲೇ ಮಣೆಯ ಮುಂದೆ ಬಂದಿರುವ ತಟ್ಟೆ, ಇವೆಲ್ಲವೂ ನಿತ್ಯದ ಕ್ರಮವಾಗಿ ನಡೆದುಹೋಗುವುದರಿಂದ ಅವುಗಳ ಹಿಂದೆ ಒಬ್ಬರ ಕೈಯಿದೆಯೆಂಬುದು ಯಾರ ಗಮನಕ್ಕೂ ಬಾರದು. ಮನೆಯೇ ಎದ್ದು ಹೊರಟಾಗ, ಅಡುಗೆಯ ಕೋಣೆ ಚೀಲಗಳಲ್ಲಿ ಸೇರಿ ಬಂಡಿಯ ಮೇಲೆ ಏರಿದಾಗ, ಆ ಕೈ ಯಾರದೆಂಬುದು ಎಲ್ಲರ ಕಣ್ಣಿಗೆ ಬೀಳುತ್ತದೆ. ಅಥವಾ ಬೀಳಬೇಕು. ಅಂತಹ ಒಂದು ಪ್ರಯಾಣವೇ ಈ ವಿಚಾರಕ್ಕೆ ಆಧಾರ.

ತುಮಕೂರಿನ ಬಳಿಯ ಮಂದರಗಿರಿಯ ಕಡೆಯ ಒಂದು ಮನೆತನ. ಹಿರಿಯರೆಂದರೆ ಎಪ್ಪತ್ತನಾಲ್ಕು ವರ್ಷದ ಅಜ್ಜಿ. ಹಿರಿಯ ಮಗ ಮತ್ತು ಸೊಸೆ ಅವರೊಡನೆಯೇ ಇರುವವರು. ಎರಡನೆಯ ಮಗ ಬೆಂಗಳೂರಿನಲ್ಲಿ, ಮೂರನೆಯವನು ಪುಣೆಯಲ್ಲಿ, ಮಗಳನ್ನು ಹಾಸನಕ್ಕೆ ಕೊಟ್ಟಿದೆ. ಮಕ್ಕಳು, ಮೊಮ್ಮಕ್ಕಳು, ಅಳಿಯ, ಅಜ್ಜಿಯ ತಂಗಿ ಮತ್ತು ಆಕೆಯ ಯಜಮಾನರು ಸೇರಿ ಹತ್ತೊಂಬತ್ತು ಮಂದಿ. ದಸರೆಯ ರಜೆಯಲ್ಲಿ ಎಲ್ಲರೂ ಒಂದು ಮಿನಿಬಸ್ಸು ಗೊತ್ತುಮಾಡಿಕೊಂಡು ಶ್ರವಣಬೆಳಗೊಳ, ಧರ್ಮಸ್ಥಳ, ವೇಣೂರು, ಮೂಡಬಿದಿರೆ, ಕಾರ್ಕಳ, ವರಂಗ, ಆಗುಂಬೆ, ಕುಂದಾದ್ರಿ, ಹುಂಚಗಳನ್ನು ನಾಲ್ಕು ದಿನಗಳಲ್ಲಿ ನೋಡಿ ಬರುವುದೆಂದು ನಿಶ್ಚಯವಾಯಿತು. ಅಷ್ಟಮಿಯಾಗಲಿ ಚತುರ್ದಶಿಯಾಗಲಿ ನಡುವೆ ಬಾರದಂತೆ ದಶಮಿಯಿಂದ ತ್ರಯೋದಶಿಯವರೆಗೆ ದಿನ ಗೊತ್ತುಮಾಡಿದವರು ಅಜ್ಜಿಯೇ. ಪರ್ವದಿನದ ಉಪವಾಸವನ್ನು ಬಸ್ಸಿನ ಕುಲುಕಾಟದಲ್ಲಿ ಮಾಡಿ ಉಳಿದವರಿಗೆ ಆತಂಕ ತರಬಾರದೆಂಬುದು ಅವರ ಎಣಿಕೆ. ಇದನ್ನು ಮೊದಲೇ ಹೇಳುವುದು ಅಗತ್ಯ. ಅವರು ಪರರ ಕಷ್ಟವನ್ನು ಎಣಿಸದವರಲ್ಲ.

ಅಜ್ಜಿ ಮುನಿಗಳ ಸನ್ನಿಧಿಯಲ್ಲಿ ವ್ರತ ಸ್ವೀಕರಿಸಿ ಮೂವತ್ತು ವರ್ಷಗಳಾಗಿವೆ. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷ ಮುಂಚೆ ಅವರ ಆಹಾರ ಮುಗಿಯಬೇಕು. ಮಡಿಯಲ್ಲಿ ಮಾಡಿದ ಅಡುಗೆಯಲ್ಲದೆ ಬೇರೆಯದು ಸಲ್ಲದು. ಹೋಟೆಲಿನದಂತೂ ದೂರವೇ ಉಳಿಯಿತು. ನೀರು ಸೋಸಿದ್ದಾಗಿರಬೇಕು. ಸೋಸಿದ ನೀರಿನ ಮರ್ಯಾದೆ ಎರಡೇ ಘಳಿಗೆಯಾದುದರಿಂದ ಪ್ರಯಾಣದಲ್ಲಿ ಅದನ್ನು ಚೆನ್ನಾಗಿ ಕುದಿಸಿ ಇಟ್ಟುಕೊಳ್ಳಬೇಕು. ಕುದಿಸಿದ ನೀರಿಗೆ 24 ಗಂಟೆಯ ಮರ್ಯಾದೆ ಉಂಟು. ಹೀಗಾಗಿ ಬಸ್ಸಿನ ಹಿಂಬದಿಯಲ್ಲಿ ಮನೆಯಲ್ಲೇ ಬೀಸಿದ ಹಿಟ್ಟು, ಆರಿಸಿದ ಬೇಳೆ, ಚಿಕ್ಕ ಗ್ಯಾಸ್ ಒಲೆ, ತಾಮ್ರದ ಕೊಡ, ಎರಡು ಪದರದ ಬಟ್ಟೆ ಎಲ್ಲವೂ ಏರಿದವು. ಏರಿಸಿದವಳು ಹಿರಿಯ ಸೊಸೆ.

ಇಂತಹ ವಿಹಾರವೇ ಶ್ರಾವಕನಿಗೆ ಸಲ್ಲುವುದೇ ಎಂದು ಕೇಳುವವರು ಇದ್ದಾರೆ. ಅವರ ಪ್ರಶ್ನೆ ಹಗುರವಾದುದಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ವಿವರಿಸುವಾಗ ಪ್ರಮಾದಚರ್ಯೆಯೆಂಬ ಭೇದದಲ್ಲಿ ನಿಷ್ಪ್ರಯೋಜನವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡಮರ ಕಡಿಯುವುದು ಇವುಗಳ ಜೊತೆಗೇ ಸುಮ್ಮನೆ ತಿರುಗುವುದನ್ನೂ ಇತರರನ್ನು ತಿರುಗಿಸುವುದನ್ನೂ ಸೇರಿಸಿದ್ದಾರೆ. ಮೇಲಾಗಿ ದಸರೆಯ ರಜೆ ಬರುವುದು ಚಾತುರ್ಮಾಸದ ಒಳಗೆ. ನೆಲದ ಮೇಲೆ ಜೀವರಾಶಿ ತುಂಬಿರುವ ಕಾಲವೆಂದು ಮುನಿಗಳು ವರ್ಷಾಯೋಗದಲ್ಲಿ ಒಂದೆಡೆ ನಿಂತಿರುವಾಗ ಗೃಹಸ್ಥರು ಚಕ್ರದ ಮೇಲೆ ನೂರಾರು ಮೈಲಿ ಓಡುವುದು ಯೋಚಿಸತಕ್ಕ ವಿಷಯವೇ. ಆದರೂ ವರ್ಷಕ್ಕೊಮ್ಮೆ ಅಣ್ಣತಮ್ಮಂದಿರ ಮಕ್ಕಳು ಒಂದೇ ಬಸ್ಸಿನಲ್ಲಿ ಕುಳಿತು, ಒಂದೇ ಬಸದಿಯ ಕಲ್ಲುಚಪ್ಪಡಿಯ ಮೇಲೆ ಕೈಮುಗಿದು ನಿಲ್ಲುವುದನ್ನು ನಿಷ್ಪ್ರಯೋಜನವೆನ್ನಲಾಗದು. ಪುಣೆಯಲ್ಲಿ ಬೆಳೆದ ಹುಡುಗನಿಗೆ ಮೂಡಬಿದಿರೆಯ ಸಾವಿರ ಕಂಬದ ಬಸದಿ ಶಾಲಾ ಪುಸ್ತಕದಲ್ಲಿ ಸಿಗುವುದಿಲ್ಲ. ತೀರ್ಥದ ಹೆಸರನ್ನು ಮುಂದಿಟ್ಟು ಬರಿಯ ವಿನೋದವನ್ನು ಅರಸುವುದು ಬೇರೆ ಮಾತು. ಅದನ್ನು ಮಾಡುವವರಿಗೆ ಅದು ಚೆನ್ನಾಗಿ ಗೊತ್ತಿರುತ್ತದೆ.

ಪ್ರಯಾಣದಲ್ಲಿ ವ್ರತಕ್ಕೂ ರಜೆಯೆಂದು ತಿಳಿಯುವವರ ವಿಷಯವನ್ನು ಇಲ್ಲಿ ಬಹಳ ಬೆಳೆಸಬೇಕಾಗಿಲ್ಲ. ಬೆಂಗಳೂರಿನ ಮಗ ಹೊರಟ ದಿನವೇ, "ಈ ನಾಲ್ಕು ರಾತ್ರಿ ಊಟ ಮಾಡಿದರೆ ಮನೆಗೆ ಹೋಗಿ ನಾಲ್ಕು ದಿನ ಏಕಭುಕ್ತ ಮಾಡಿದರಾಯಿತು" ಎಂದು ನಗೆಯಾಡಿದನು. ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ದಿಗ್ವ್ರತದ ಅತಿಚಾರಗಳಲ್ಲಿ ಕ್ಷೇತ್ರವೃದ್ಧಿ ಎಂಬುದೊಂದಿದೆ. ತಾನು ಹಾಕಿಕೊಂಡ ಎಲ್ಲೆಯನ್ನು ಲೋಭದಿಂದ ಹಿಗ್ಗಿಸುವುದೇ ಅದು. ಪೂರ್ವದಲ್ಲಿ ಹತ್ತು ಯೋಜನ ಕಳೆದು ಪಶ್ಚಿಮದಲ್ಲಿ ಹತ್ತು ಯೋಜನ ಕೂಡಿಸಿ, ಒಟ್ಟು ಮೊತ್ತ ಅಷ್ಟೇ ಆಯಿತಲ್ಲ ಎಂದು ಸಮಾಧಾನಪಡುವುದೂ ಅದರಲ್ಲಿ ಸೇರುತ್ತದೆಂದು ವಿವರಿಸುವವರುಂಟು. ವ್ರತ ವ್ಯಾಪಾರಿಯ ಖಾತೆಯಲ್ಲ. ನಗೆಯಾಡಿದವನು ಮೂರನೆಯ ದಿನ ಮಾಡಿದ್ದೇನೆಂಬುದು ಮುಂದೆ ಬರುತ್ತದೆ.

ಮೊದಲ ದಿನ ಬೆಳಗೊಳ. ವಿಂಧ್ಯಗಿರಿಗೆ ಬಂಡೆಯಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲು. ಅಜ್ಜಿಯ ಮಂಡಿ ಅದಕ್ಕೆ ಒಪ್ಪದೆ ಡೋಲಿ ಹಿಡಿಯಲಾಯಿತು. ನಾಲ್ವರು ಹೊತ್ತು ನಡೆದಾಗ ಅವರ ಉಸಿರು ಕೇಳಿ ಅಜ್ಜಿಗೆ ಕಸಿವಿಸಿಯಾಗಿ, ನಡುವೆ ಎರಡು ಬಾರಿ ಇಳಿಸಲು ಹೇಳಿ, ಇಳಿದ ಮೇಲೆ ಗೊತ್ತುಮಾಡಿದ್ದಕ್ಕಿಂತ ಹೆಚ್ಚು ಕೂಲಿ ಕೊಡಿಸಿದರು. ಗೊಮ್ಮಟೇಶನ ಪಾದಮೂಲದಲ್ಲಿ ಮಕ್ಕಳೆಲ್ಲ ಸಾಲಾಗಿ ಕುಳಿತು ಣಮೋಕಾರ ಹೇಳಿದರು. ಐವತ್ತೆಂಟು ಅಡಿಯ ಮೂರ್ತಿಯನ್ನು ತಲೆಯೆತ್ತಿ ನೋಡುತ್ತ ಪುಣೆಯ ಹುಡುಗ ಹಿಂದಕ್ಕೆ ಬೀಳುವಂತಾದನು. ಹದಿನೆಂಟು ಮಂದಿ ಬೆಟ್ಟದ ಮೇಲಿದ್ದರು. ಹತ್ತೊಂಬತ್ತನೆಯವಳು ಕೆಳಗೆ ಧರ್ಮಶಾಲೆಯಲ್ಲಿ ಒಲೆಯ ಮುಂದೆ ಇದ್ದಳು. ಅಜ್ಜಿ ಇಳಿದು ಬರುವ ಹೊತ್ತಿಗೆ ಅನ್ನ ಸಾರು ಸಿದ್ಧವಾಗಿರಬೇಕಲ್ಲವೇ? "ನೀನು ಯಾವಾಗ ಬೇಕಾದರೂ ಬರಬಹುದು" ಎಂದು ಎಲ್ಲರೂ ಹೇಳಿದರು. ಮದುವೆಯಾಗಿ ಇಪ್ಪತ್ತೊಂದು ವರ್ಷಗಳಲ್ಲಿ ಆಕೆ ಬೆಳಗೊಳಕ್ಕೆ ಬಂದುದು ಅದು ಮೂರನೆಯ ಬಾರಿ. ಒಮ್ಮೆಯೂ ಬೆಟ್ಟ ಹತ್ತಿರಲಿಲ್ಲ.

ಡೋಲಿಯವರ ಭಾರವನ್ನು ಅಜ್ಜಿ ಕಂಡರು, ಏಕೆಂದರೆ ಅದು ಹೊಸದು, ಅದಕ್ಕೆ ಉಸಿರಿನ ಸದ್ದಿತ್ತು. ಹೊರುವಿರಾ ಎಂದು ಅವರನ್ನು ಕೇಳಲಾಗಿತ್ತು, ಎಷ್ಟೆಂದು ಮಾತಾಗಿತ್ತು. ಸೊಸೆಯ ವಿಷಯದಲ್ಲಿ ಕೇಳಿದ್ದೂ ಇಲ್ಲ, ಮಾತಾದದ್ದೂ ಇಲ್ಲ.

ಎರಡನೆಯ ದಿನ ಧರ್ಮಸ್ಥಳದಿಂದ ಹೊರಟು, 1604ರಲ್ಲಿ ಪ್ರತಿಷ್ಠಿತವಾದ ವೇಣೂರಿನ ಬಾಹುಬಲಿಯ ದರ್ಶನ ಮಾಡಿ, ಮಧ್ಯಾಹ್ನ ಕಳೆದು ಮೂಡಬಿದಿರೆಗೆ ಬಂದಿಳಿದರು. ಸಂಜೆ ಐದೂ ಇಪ್ಪತ್ತರ ಒಳಗೆ ಅಜ್ಜಿಯ ಊಟ ಮುಗಿಯಿತು. ಆ ಮೇಲೆ ಮಕ್ಕಳ ಪಂಕ್ತಿ, ಗಂಡಸರ ಪಂಕ್ತಿ, ಓರಗಿತ್ತಿಯರು ಮತ್ತು ನಾದಿನಿ. ಪಾತ್ರೆ ತೊಳೆದು ಮರುದಿನದ ನೀರು ಕುದಿಸಿ ಆರಿಸುವ ಹೊತ್ತಿಗೆ ಕತ್ತಲಾಗಿ ಬಹಳ ಹೊತ್ತಾಗಿತ್ತು. ಹಿರಿಯ ಸೊಸೆ ಉಣ್ಣದೆ ಮಲಗಲು ಹೊರಟಳು. ಆಕೆಯ ಹದಿಮೂರು ವರ್ಷದ ಮಗಳು ಅದನ್ನು ಕಂಡಳು. ಕಾರಣವೂ ಅವಳಿಗೆ ಮಾತ್ರ ಗೊತ್ತಿತ್ತು. ಆ ವರ್ಷ ಚಾತುರ್ಮಾಸದ ಆರಂಭದಲ್ಲಿ ತಾಯಿಯೂ ನಾಲ್ಕು ತಿಂಗಳ ಮಟ್ಟಿಗೆ ರಾತ್ರಿಭೋಜನ ತ್ಯಾಗದ ನಿಯಮ ತೆಗೆದುಕೊಂಡಿದ್ದಳು. ಹೇಳಿಕೊಂಡಿರಲಿಲ್ಲ. ಮನೆಯಲ್ಲಿ ಒಬ್ಬರ ವ್ರತಕ್ಕೇ ಇಷ್ಟು ಏರ್ಪಾಡು ನಡೆಯುತ್ತಿರುವಾಗ ಇನ್ನೊಂದನ್ನು ಹೇಳಿ ಗೊಂದಲವೇಕೆಂದು ಸುಮ್ಮನಿದ್ದಳು. ಊರಿನಲ್ಲಿ ಹೇಗೋ ನಡೆಯುತ್ತಿತ್ತು; ಐದು ಮಂದಿಯ ಅಡುಗೆ ಬೇಗ ಮುಗಿಯುತ್ತದೆ. ಹತ್ತೊಂಬತ್ತು ಮಂದಿಯದು ಮುಗಿಯುವುದಿಲ್ಲ.

"ಅಮ್ಮ, ರಾತ್ರಿ ಊಟ ಬಿಟ್ಟಿರುವುದು ಅಜ್ಜಿಯೋ ನೀನೋ?" ಎಂದು ಹುಡುಗಿ ಕೇಳಿದಳು. ಹಾಸ್ಯಕ್ಕೆ ಕೇಳಿದ್ದಲ್ಲ. ಅವಳಿಗೆ ನಿಜವಾಗಿಯೂ ಲೆಕ್ಕ ಹತ್ತಲಿಲ್ಲ. ತಾಯಿ ಬಾಯಿಗೆ ಕೈ ಅಡ್ಡವಿಟ್ಟು ಸನ್ನೆ ಮಾಡಿದಳು. ಚಾಪೆಯ ಮೇಲೆ ಜಪಮಾಲೆ ಹಿಡಿದು ಕುಳಿತಿದ್ದ ಅಜ್ಜಿಗೆ ಕೇಳಿಸಿತು. ಮಣಿ ಎಣಿಸುವ ಬೆರಳು ಅಲ್ಲಿಗೆ ನಿಂತಿತೆಂದು ಹುಡುಗಿ ಆ ಮೇಲೆ ಹೇಳಿದಳು.

ಈ ಪ್ರಶ್ನೆಯನ್ನು ಶಾಸ್ತ್ರದ ಬೆಳಕಿನಲ್ಲಿ ನೋಡಬೇಕಾಗಿದೆ. ಆಸ್ರವವನ್ನು ವಿವರಿಸುವಾಗ ಉಮಾಸ್ವಾಮಿಗಳು ಕೃತ, ಕಾರಿತ, ಅನುಮತ ಎಂಬ ಮೂರನ್ನೂ ಎಣಿಕೆಗೆ ತರುತ್ತಾರೆ. ತಾನು ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದವರನ್ನು ಒಪ್ಪಿದ್ದು, ಮೂರೂ ಆತ್ಮನ ಲೆಕ್ಕಕ್ಕೆ ಸೇರುತ್ತವೆ. ಹಿಂಸೆಯ ವಿಷಯದಲ್ಲಿ ಇದನ್ನು ಎಲ್ಲರೂ ನೆನೆಯುತ್ತಾರೆ. ವ್ರತದ ವಿಷಯದಲ್ಲಿ ನೆನೆಯುವವರು ಕಡಿಮೆ. ದೇಶವ್ರತದ ಅತಿಚಾರಗಳಲ್ಲಿ ಆನಯನ ಮತ್ತು ಪ್ರೇಷ್ಯಪ್ರಯೋಗ ಎಂಬ ಎರಡು ಇವೆ. ಇಂದು ಈ ಬೀದಿಯನ್ನು ದಾಟುವುದಿಲ್ಲವೆಂದು ಎಲ್ಲೆ ಹಾಕಿಕೊಂಡವನು ಬೀದಿಯಾಚೆಯ ವಸ್ತುವನ್ನು ತರಿಸಿಕೊಂಡರೆ ಅದು ಆನಯನ. ತಾನು ದಾಟದೆ ಆಳನ್ನು ಅಟ್ಟಿ ಕೆಲಸ ಮಾಡಿಸಿದರೆ ಅದು ಪ್ರೇಷ್ಯಪ್ರಯೋಗ. ಅವನ ಕಾಲು ಎಲ್ಲೆಯ ಒಳಗೇ ಇದೆ. ವ್ರತ ಅಕ್ಷರಶಃ ಮುರಿದಿಲ್ಲ. ಆದರೂ ಕಲೆ ಹತ್ತಿತು. ಈ ಮಾತು ಕ್ಷೇತ್ರದ ಎಲ್ಲೆಗೆ ಸಂಬಂಧಿಸಿದ್ದೇ ಹೊರತು ಊಟದ ಹೊತ್ತಿಗೆ ಸಂಬಂಧಿಸಿದ್ದಲ್ಲವೆಂದು ಪಂಡಿತರು ಆಕ್ಷೇಪಿಸಬಹುದು, ಆಕ್ಷೇಪ ಸರಿಯೇ. ಅಜ್ಜಿಯ ವ್ರತದಲ್ಲಿ ಅತಿಚಾರವಾಯಿತೆಂದು ಇಲ್ಲಿ ತೀರ್ಪು ಕೊಡುತ್ತಿಲ್ಲ. ಆದರೆ ತನ್ನ ಸಂಯಮದ ಶ್ರಮವನ್ನು ಇನ್ನೊಬ್ಬರ ದೇಹಕ್ಕೆ ದಾಟಿಸಿ ತಾನು ಎಲ್ಲೆಯೊಳಗೆ ನಿಶ್ಚಿಂತನಾಗಿರುವ ಸ್ಥಿತಿಯನ್ನು ಆಚಾರ್ಯರು ಬಲ್ಲವರಾಗಿದ್ದರೆಂಬುದು ಈ ಎರಡು ಹೆಸರುಗಳಿಂದಲೇ ತಿಳಿಯುತ್ತದೆ.

ಇದಕ್ಕೆ ಎದುರುಮಾತೂ ಇದೆ. ವ್ರತಿಕರ ಸೇವೆ ಪುಣ್ಯಕಾರ್ಯವಲ್ಲವೇ, ಸಮಂತಭದ್ರರು ವೈಯಾವೃತ್ಯವನ್ನು ಶಿಕ್ಷಾವ್ರತಗಳಲ್ಲೇ ಎಣಿಸಿಲ್ಲವೇ, ಅತ್ತೆಯ ವ್ರತಕ್ಕೆ ನೆರವಾದ ಸೊಸೆಗೆ ಆ ಪುಣ್ಯದಲ್ಲಿ ಪಾಲಿಲ್ಲವೇ ಎಂದು ಹಿರಿಯರು ಕೇಳುತ್ತಾರೆ. ವೈಯಾವೃತ್ಯ ಮುಖ್ಯವಾಗಿ ಸಂಯಮಿಗಳಾದ ತಪೋಧನರಿಗೆ ಸಲ್ಲುವುದು. ಆದರೂ ಮನೆಯ ಹಿರಿಯ ವ್ರತಿಕರ ಸೇವೆಯನ್ನು ಅದರ ನೆರಳಿನಲ್ಲಿ ನಿಲ್ಲಿಸುವುದರಲ್ಲಿ ತಪ್ಪಿಲ್ಲ. ಪ್ರಶ್ನೆ ಇರುವುದು ಬೇರೆ ಕಡೆ. ಕೊಟ್ಟರೆ ದಾನ, ಕೇಳದೆಯೇ ತೆಗೆದುಕೊಂಡರೆ ಅದಕ್ಕೆ ಯಾವ ಹೆಸರು? ಶ್ರಾವಕನ ಅಣುವ್ರತಗಳಲ್ಲಿ ಮೂರನೆಯದನ್ನು ಇಲ್ಲಿ ಹೆಸರಿಸುವುದು ಕಠೋರವಾದೀತು, ಆದುದರಿಂದ ಬಿಡುವುದು ಲೇಸು. ಸೊಸೆ ಮನಸಾರೆ ಮಾಡುತ್ತಿದ್ದಳೇ, ಮಾಡದೆ ದಾರಿಯಿಲ್ಲವೆಂದು ಮಾಡುತ್ತಿದ್ದಳೇ? ಹೊರಗಿನವರು ಹೇಳಲಾರರು. ಆಕೆಯೂ ಎಂದೂ ಬಿಡಿಸಿ ನೋಡಿರಲಾರಳು. ಇಪ್ಪತ್ತೊಂದು ವರ್ಷದಲ್ಲಿ ಅವೆರಡೂ ಹಾಲು ನೀರಿನಂತೆ ಬೆರೆತುಹೋಗಿರುತ್ತವೆ.

ಮನೆಯ ಪದ್ಧತಿಯನ್ನೂ ಒಂದಿಷ್ಟು ಆಡಬೇಕು. ವ್ರತ ಹಿಡಿದವರಿಗೆ ಮೊದಲ ಪಂಕ್ತಿ, ಬಡಿಸಿದವರಿಗೆ ಕೊನೆಯ ಪಂಕ್ತಿ ಎಂಬುದು ಎಲ್ಲ ಊರುಗಳ ಕ್ರಮ. ಇದರಿಂದ ಎಷ್ಟೋ ಮನೆಗಳಲ್ಲಿ ಹಿರಿಯರ ರಾತ್ರಿಭೋಜನ ತ್ಯಾಗವೇ ಕಿರಿಯರ ರಾತ್ರಿಭೋಜನಕ್ಕೆ ಕಾರಣವಾಗುತ್ತಿದೆ. ವಿಚಿತ್ರವೆನಿಸಿದರೂ ಸುಳ್ಳಲ್ಲ. ದೀಪ ಹಚ್ಚಿದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ತಣ್ಣನೆಯ ಅನ್ನ ಕಲಸಿಕೊಳ್ಳುವವರು ಯಾರೆಂದು ಓದುಗರು ತಮ್ಮ ತಮ್ಮ ಮನೆಗಳಲ್ಲಿಯೇ ನೋಡಿಕೊಳ್ಳಬಹುದು.

ಮೂರನೆಯ ದಿನ ಕಾರ್ಕಳ. 1432ರಲ್ಲಿ ವೀರಪಾಂಡ್ಯನು ಪ್ರತಿಷ್ಠಾಪಿಸಿದ ನಲವತ್ತೆರಡು ಅಡಿಯ ಬಾಹುಬಲಿ, ಎದುರು ದಿಬ್ಬದ ಮೇಲಿನ ಚತುರ್ಮುಖ ಬಸದಿ. ಅಲ್ಲಿಂದ ವರಂಗಕ್ಕೆ ಬಂದಾಗ ಕೆರೆಯ ನಡುವಿನ ಬಸದಿಗೆ ದೋಣಿಯಲ್ಲಿ ಹೋಗಬೇಕೆಂದು ತಿಳಿದು ಮಕ್ಕಳ ಸಂಭ್ರಮಕ್ಕೆ ಮಿತಿಯಿಲ್ಲದಾಯಿತು. ದೋಣಿ ಹಲವು ಬಾರಿ ಹೋಗಿ ಬಂದುದರಲ್ಲಿ ಹೊತ್ತು ಜಾರಿತು. ಆಗುಂಬೆಯ ಸೂರ್ಯಾಸ್ತ ನೋಡುವುದು ಎಲ್ಲರ ಆಸೆ. ಅಂದಿನ ಸೂರ್ಯಾಸ್ತ ಆರೂ ಹತ್ತರ ಸುಮಾರಿಗೆ. ಘಟ್ಟದ ಬುಡದ ಸೋಮೇಶ್ವರವನ್ನು ತಲುಪಿದಾಗ ನಾಲ್ಕೂ ಮುಕ್ಕಾಲು. ಬೆಳಿಗ್ಗೆ ಮಾಡಿ ತಂದ ಚಪಾತಿ ಪಲ್ಯಗಳ ಡಬ್ಬಿಗಳನ್ನು ರಸ್ತೆಯ ಬದಿಯ ಮರದಡಿ ಇಳಿಸಿದರು. ಸೊಸೆ ಎಂದಿನಂತೆ ಅಜ್ಜಿಯ ತಟ್ಟೆಯನ್ನು ತೊಳೆದು ಮುಂದಿಟ್ಟಳು.

ಅಜ್ಜಿ ತಟ್ಟೆಯನ್ನು ಸೊಸೆಯ ಕಡೆಗೆ ತಳ್ಳಿ, "ನೀನು ಕೂತುಕೋ. ನಿನಗೂ ಹೊತ್ತು ಮೀರುತ್ತೆ" ಎಂದರು.

"ಅತ್ತೆ, ನಿಮ್ಮದು ಆಗಲಿ."

"ಐದೂ ಇಪ್ಪತ್ತು ಇಬ್ಬರಿಗೂ ಒಂದೇ ಕಣಮ್ಮ."

ಬಂಧುಗಳೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಇಬ್ಬರಿಗೂ ಏನು ಒಂದೇ ಎಂಬುದು ಅವರಿಗೆ ತಿಳಿಯಲಿಲ್ಲ; ಹುಡುಗಿ ತಿಳಿಸಿದಳು. ಅತ್ತೆ ಸೊಸೆ ಎದುರುಬದುರಾಗಿ ಕುಳಿತರು. ಬಡಿಸಲು ಬಂದವನು ಬೆಂಗಳೂರಿನ ಮಗ, ನಗೆಯಾಡಿದ್ದವನು. ಅಭ್ಯಾಸವಿಲ್ಲದ ಕೈಯಲ್ಲಿ ಪಲ್ಯ ತಟ್ಟೆಗಿಂತ ಹೆಚ್ಚು ಹೊರಗೆ ಬಿತ್ತು, ಉಪ್ಪಿನ ಡಬ್ಬಿ ಯಾವುದೆಂದು ತಿಳಿಯದೆ ಮೂರು ಡಬ್ಬಿ ತೆಗೆದನು. ಮಕ್ಕಳಿಗೆ ಬಡಿಸಲು ಹೋದ ಹಾಸನದ ಅಳಿಯನು ಮಜ್ಜಿಗೆಯ ಪಾತ್ರೆಯನ್ನು ಮಗುಚಿದನು. ಈ ಗಲಿಬಿಲಿಯಲ್ಲಿ ಹೊತ್ತು ಮುಗಿದು ಅಜ್ಜಿ ಒಂದೂವರೆ ಚಪಾತಿಗೇ ಕೈತೊಳೆದು ಎದ್ದರು. ಸೊಸೆಗೆ ಎರಡು ದಕ್ಕಿತು. ಊರಿನಲ್ಲಾಗಿದ್ದರೆ ಇಬ್ಬರೂ ಹೊಟ್ಟೆ ತುಂಬ ಉಣ್ಣುತ್ತಿದ್ದರು ಎಂದು ಅಜ್ಜಿಯ ತಂಗಿ ಗೊಣಗಿದ್ದು ನ್ಯಾಯವೇ. ಹೊರೆಯನ್ನು ಹಂಚಿಕೊಂಡರೆ ಮೊದಲ ದಿನ ಅದು ಹಗುರವಾಗುವುದಿಲ್ಲ, ಚೆಲ್ಲುತ್ತದೆ.

ಹದಿನಾಲ್ಕು ತಿರುವುಗಳನ್ನು ಏರಿ ನಿಂತಾಗ ಪಡುವಣದಲ್ಲಿ ಮೋಡ ಸರಿದಿತ್ತು. ಸೂರ್ಯ ಮುಳುಗುವುದನ್ನು ಮೂವತ್ತು ವರ್ಷಗಳಿಂದ ಗಡಿಯಾರವೆಂದೇ ನೋಡಿದ್ದ ಅಜ್ಜಿ ಅಂದು ಮಾಡಬೇಕಾದುದು ಏನೂ ಉಳಿಯದೆ ಅದನ್ನು ನೋಡಿದರು. ಪಕ್ಕದಲ್ಲಿ ಸೊಸೆ ಕಲ್ಲಿನ ಮೇಲೆ ಕುಳಿತಿದ್ದಳು. ಏನು ಮಾತಾಡಿದರೋ ಯಾರಿಗೂ ಗೊತ್ತಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಒಲೆ ಹಚ್ಚಿದವನು ಹಿರಿಯ ಮಗ. ಅಜ್ಜಿ ಪಕ್ಕದಲ್ಲಿ ಮಣೆ ಹಾಕಿಕೊಂಡು ನೀರು ಸೋಸುವುದನ್ನು ತಾವೇ ಮಾಡಿ, ಬಟ್ಟೆಯಲ್ಲಿ ಉಳಿದುದನ್ನು ಅದೇ ಬಾವಿಗೆ ಜೋಪಾನವಾಗಿ ಇಳಿಸುವ ಬಗೆಯನ್ನು ಮೊಮ್ಮಕ್ಕಳಿಗೆ ತೋರಿಸಿದರು. ಅವಲಕ್ಕಿ ತಳ ಹಿಡಿದಿತ್ತು. ಕುಂದಕುಂದಾಚಾರ್ಯರ ನೆನಪಿರುವ ಕುಂದಾದ್ರಿಯ ಮೇಲೆ ಎಲ್ಲರೂ ಅದನ್ನೇ ತಿಂದರು. ಹುಂಚದ ಪದ್ಮಾವತಿಯ ದರ್ಶನ ಮಾಡಿಕೊಂಡು ರಾತ್ರಿ ಊರು ಸೇರಿದರು.

ಇಲ್ಲಿಗೆ ಮುಗಿದಿದ್ದರೆ ಸುಖವಾಗಿತ್ತು. ಕೆಲವು ದಿನಗಳ ಮೇಲೆ ಅಜ್ಜಿ ತಮ್ಮ ನಿರ್ಧಾರವನ್ನು ತಿಳಿಸಿದರು. ಮುಂದಿನ ಚಾತುರ್ಮಾಸಗಳಲ್ಲಿ ದೇಶಾವಕಾಶಿಕ ವ್ರತ ಹಿಡಿದು ಊರಿನ ಎಲ್ಲೆಯೊಳಗೇ ಇರುವುದಾಗಿ, ಉಳಿದವರು ನಿರಾತಂಕವಾಗಿ ಹೋಗಿ ಬರಬಹುದೆಂಬುದಾಗಿ. ಶಾಸ್ತ್ರಕ್ಕೆ ಇದು ಒಪ್ಪುವ ಮಾತೇ. ಎಲ್ಲೆ ಕಿರಿದಾದಷ್ಟೂ ಆಚೆಯ ಹಿಂಸೆಗೆ ನಿವೃತ್ತಿ. ಹಿರಿಯ ಮಗನಿಗೆ ಮಾತ್ರ ತಾಯಿ ನೊಂದುಕೊಂಡು ಹೀಗೆ ಹೇಳುತ್ತಿದ್ದಾರೆಂದು ತೋರಿ ದುಃಖವಾಯಿತು. ನೋವಿನಿಂದ ಹಿಡಿದ ವ್ರತಕ್ಕೂ ವಿವೇಕದಿಂದ ಹಿಡಿದ ವ್ರತಕ್ಕೂ ಹೊರಗಿನ ರೂಪ ಒಂದೇ. ಶಲ್ಯವಿಲ್ಲದವನೇ ವ್ರತಿ ಎಂದು ಸೂತ್ರಕಾರರು ಹೇಳಿದ್ದು ಇದನ್ನೆಲ್ಲ ಕಂಡೇ ಇರಬೇಕು. ಮುಳ್ಳು ಒಳಗೆ ಉಳಿದಿದೆಯೇ ಇಲ್ಲವೇ ಎಂಬುದು ಅಜ್ಜಿಗೆ ತಿಳಿಯಬೇಕಾದ ವಿಷಯ.

ಸೊಸೆ ಬೇಳೆ ಆರಿಸುತ್ತಿದ್ದವಳು ತಲೆಯೆತ್ತದೆ, "ನೀವು ಮನೆಯಲ್ಲಿ ಉಳಿದರೆ ನಿಮ್ಮ ಜೊತೆ ಉಳಿಯುವವರು ಯಾರು ಅತ್ತೆ?" ಎಂದಳು.

ಅಜ್ಜಿ ಆ ದಿನ ಅದಕ್ಕೆ ಏನೂ ಹೇಳಲಿಲ್ಲ. ವ್ರತದ ಮಾತನ್ನು ಮತ್ತೆ ಎತ್ತಲೂ ಇಲ್ಲ. ಮುಂದಿನ ರಜೆಗೆ ಮಕ್ಕಳು ಬರೆದಿಟ್ಟಿರುವ ಊರುಗಳ ಪಟ್ಟಿಯಲ್ಲಿ ಮೊದಲ ಹೆಸರು ಬೆಳಗೊಳದ್ದೇ, ಅದನ್ನು ಅಜ್ಜಿಯೇ ಬರೆಸಿದ್ದು. ಅಂದು ಬೆಟ್ಟದ ಕೆಳಗೆ ಒಲೆಯ ಮುಂದೆ ಕೂರುವವರ ಹೆಸರಿಗೆ ಜಾಗ ಬಿಟ್ಟಿದೆ. ಇನ್ನೂ ಯಾರೂ ಬರೆದಿಲ್ಲ.